ಸಜ್ದಾದಲ್ಲಿದ್ದ ಅಜ್ಜ, ಬೆನ್ನೇರಿದ ಮೊಮ್ಮಗ

ಮಗ್ರಿಬ್ ನಮಾಝ್ ಮುಗಿಸಿ ಮಸೀದಿಯಿಂದ ಬಂದ ಅಜ್ಜ ಸುನ್ನತ್ ನಮಾಝಿಗಾಗಿ ಮನೆಯ ಮೂಲೆಯಲ್ಲಿ ಮುಸಲ್ಲಾ ಹಾಸುತ್ತಾರೆ. ಮೂರು ವರ್ಷದ ಮೊಮ್ಮಗಳು ಓಡಿ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಅಜ್ಜ ಕೈ ಕಟ್ಟಿದರೆ ಇವಳೂ ಕೈ ಕಟ್ಟುತ್ತಾಳೆ. ಅಜ್ಜ ಬಾಗಿದರೆ ಇವಳೂ ಬಾಗುತ್ತಾಳೆ. ಬಾಗಿದವಳು ತನ್ನ ಕಾಲುಗಳ ನಡುವಿನಿಂದ ಹಿಂದೆ ಕುಳಿತ ಅಜ್ಜಿಯನ್ನು ನೋಡಿ ಕಿಲಕಿಲ ನಗುತ್ತಾಳೆ. ಅಜ್ಜ ಸಜ್ದಾಕ್ಕೆ ಹೋದೊಡನೆ ಅವರ ಟೋಪಿ ಎತ್ತಿ ತನ್ನ ತಲೆಗೆ ಹಾಕಿಕೊಳ್ಳುತ್ತಾಳೆ. ಟೋಪಿ ಕಣ್ಣು ಮುಚ್ಚಿ ಮೂಗಿನವರೆಗೆ ಇಳಿಯುತ್ತದೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಾರೆ.

ಇಂತಹ ದೃಶ್ಯ ನಿಮ್ಮ ಮನೆಯಲ್ಲಿಯೂ ನಡೆದಿರಬಹುದು. ನಮಾಝ್ ಮುಗಿಸಿದ ಮೇಲೆ ನೀವೇನು ಮಾಡಿದಿರಿ? ಮಗುವನ್ನು ಎತ್ತಿ ಮುದ್ದಾಡಿದಿರಾ? ಅಥವಾ ಗದರಿಸಿ, ಒಳಗಿದ್ದ ಸೊಸೆಯನ್ನು ಕರೆದು, ಮಗುವನ್ನು ಹಿಡಿದಿಟ್ಟುಕೊಳ್ಳಲೂ ನಿನ್ನಿಂದಾಗದೇ ಎಂದು ಕೇಳಿದಿರಾ?

ಧಾರ್ಮಿಕತೆಯೆಂದರೆ ಗಾಂಭೀರ್ಯ, ಮಕ್ಕಳ ಆಟವೆಂದರೆ ಅದಕ್ಕೆ ಅಡ್ಡಿ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ವಯಸ್ಸಾಗುತ್ತಾ ಬಂದಂತೆ, ಗಡ್ಡ ನರೆತಂತೆ, ನಗುವುದೇ ತಮ್ಮ ಘನತೆಗೆ ಕುಂದು ಎಂದು ತಿಳಿಯುವವರೂ ಇದ್ದಾರೆ. ಈ ಭಾವನೆ ಎಷ್ಟು ಸರಿ? ಪ್ರವಾದಿವರ್ಯರ(ಸ) ಜೀವನದ ಬೆಳಕಿನಲ್ಲಿ ಅದನ್ನು ಪರಿಶೀಲಿಸೋಣ.

ನಗುವಿನ ಬೆನ್ನಿಗೆ ಬಂದ ಸುವಾರ್ತೆ

ಪವಿತ್ರ ಕುರ್‌ಆನಿನ ಹೂದ್ ಅಧ್ಯಾಯದಲ್ಲಿ (11: 69-73) ಹಝ್ರತ್ ಇಬ್ರಾಹೀಮ್(ಅ)ರ ಮನೆಗೆ ಅತಿಥಿಗಳಾಗಿ ದೇವಚರರು ಬಂದ ಘಟನೆಯ ವಿವರವಿದೆ. ಇಬ್ರಾಹೀಮ್(ಅ) ಮುದುಕರಾಗಿದ್ದರು. ಅವರ ಪತ್ನಿಯೂ ಮುದುಕಿಯಾಗಿದ್ದರು, ಅವರಿಗೆ ಮಕ್ಕಳಾಗಿರಲಿಲ್ಲ. ಅವರು ಅಲ್ಲೇ ನಿಂತಿದ್ದರು ಮತ್ತು ನಕ್ಕರು ಎಂದು ಕುರ್‌ಆನ್ ತಿಳಿಸುತ್ತದೆ. ಅವರೇಕೆ ನಕ್ಕರು ಎಂಬುದಕ್ಕೆ ವ್ಯಾಖ್ಯಾನಕಾರರು ಬೇರೆ ಬೇರೆ ಕಾರಣಗಳನ್ನು ಹೇಳಿದ್ದಾರೆ. ಆದರೆ ಅದೇ ಸೂಕ್ತದಲ್ಲಿ ಅವರಿಗೆ ಇಸ್‌ಹಾಕ್(ಅ)ರ ಹಾಗೂ ಇಸ್‌ಹಾಕ್(ಅ)ರ ಬಳಿಕ ಯಅ್‌ಕೂಬ್(ಅ)ರ ಸುವಾರ್ತೆ ನೀಡಲಾಯಿತು ಎಂಬುದನ್ನು ಗಮನಿಸಿರಿ. ಮಗುವಿನ ಆಸೆಯನ್ನೇ ಬಿಟ್ಟಿದ್ದ ತಾಯಿಗೆ ಅಲ್ಲಾಹನು ಮಗನ ಸುದ್ದಿಯೊಂದಿಗೆ ಮೊಮ್ಮಗನ ಸುದ್ದಿಯನ್ನೂ ಕೊಟ್ಟನು.

ಅನ್ನಹ್ಲ್ ಅಧ್ಯಾಯದಲ್ಲಿ (16: 72) ಅಲ್ಲಾಹನು ತನ್ನ ಅನುಗ್ರಹಗಳನ್ನು ನೆನಪಿಸುವಾಗ, ನಿಮಗೆ ನಿಮ್ಮ ಸಂಗಾತಿಗಳಿಂದ ಮಕ್ಕಳನ್ನೂ ಮೊಮ್ಮಕ್ಕಳನ್ನೂ ದಯಪಾಲಿಸಿದೆನು ಎಂಬ ಮಾತು ಬರುತ್ತದೆ. ಅಲ್‌ಫುರ್ಕಾನ್ ಅಧ್ಯಾಯದಲ್ಲಿ (25: 74) ದೇವದಾಸರು ತಮ್ಮ ಸಂಗಾತಿಗಳನ್ನೂ ಸಂತತಿಯನ್ನೂ ಕಣ್ಣುಗಳಿಗೆ ತಂಪಾಗಿಸೆಂದು ಪ್ರಾರ್ಥಿಸುತ್ತಾರೆ. ಹಾಗಿರುವಾಗ ಮೊಮ್ಮಗುವಿನ ನಗುವನ್ನು ಕಂಡು ಕಣ್ಣು ತಂಪಾಗುವುದು ಭಕ್ತಿಗೆ ವಿರುದ್ಧವಾದುದಲ್ಲ. ನಾವು ನಮಾಝಿನ ಬಳಿಕ ಬೇಡಿಕೊಳ್ಳುವ ಪ್ರಾರ್ಥನೆಗೆ ಅದೇ ಉತ್ತರವಾಗಿದೆ.

ಮದೀನಾದ ಮಸೀದಿಯಲ್ಲಿ

ಪ್ರವಾದಿವರ್ಯರಿಗೆ(ಸ) ಗಂಡುಮಕ್ಕಳು ಹುಟ್ಟಿದರೂ ಅವರಲ್ಲಿ ಒಬ್ಬರೂ ದೊಡ್ಡವರಾಗುವವರೆಗೆ ಬದುಕಲಿಲ್ಲ. ಅವರ ಮೊಮ್ಮಕ್ಕಳೆಲ್ಲರೂ ಹೆಣ್ಣುಮಕ್ಕಳ ಮಕ್ಕಳು. ಹಿರಿಯ ಮಗಳು ಝೈನಬ್(ರ)ರ ಮಗಳು ಉಮಾಮಾ(ರ). ಕಿರಿಯ ಮಗಳು ಫಾತಿಮಾ(ರ)ರ ಮಕ್ಕಳಾದ ಹಸನ್(ರ) ಮತ್ತು ಹುಸೈನ್(ರ)ರು ಹಿಜರಿ 3 ಮತ್ತು 4ನೇ ವರ್ಷಗಳಲ್ಲಿ ಹುಟ್ಟಿದರು.

ಹೆಣ್ಣುಮಗು ಹುಟ್ಟಿತೆಂದರೆ ಮುಖ ಕಪ್ಪಾಗುತ್ತಿದ್ದ ಸಮಾಜವದು. ಆ ಸಮಾಜದ ನಡುವೆ ಪ್ರವಾದಿವರ್ಯರು(ಸ) ಪುಟ್ಟ ಉಮಾಮಾರನ್ನು ಹೆಗಲ ಮೇಲೆ ಕೂರಿಸಿಕೊಂಡು ಜನರಿಗೆ ನಮಾಝಿನ ನೇತೃತ್ವ ನೀಡಿದರು. ಬಾಗುವಾಗ ಕೆಳಗಿಳಿಸುತ್ತಿದ್ದರು, ಎದ್ದು ನಿಲ್ಲುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಅಬೂ ಕತಾದಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ನಮಾಝಿನಲ್ಲಿ ಮಗುವನ್ನು ಎತ್ತಿಕೊಳ್ಳುವುದು ಅನುವದನೀಯವೆಂದು ಇಮಾಮ್ ನವವಿಯವರು(ರ) ಇದರಿಂದ ಅಭಿಪ್ರಾಯಪಟ್ಟಿದ್ದಾರೆ.

ಇನ್ನೊಂದು ದಿನ ಅವರು ಮೊಮ್ಮಗನನ್ನು ಎತ್ತಿಕೊಂಡು ಮಸೀದಿಗೆ ಬಂದರು. ಅದು ಹಸನ್(ರ) ಅಥವಾ ಹುಸೈನ್(ರ)ರಾಗಿದ್ದರು ಎಂದು ವರದಿಗಾರರು ಹೇಳುತ್ತಾರೆ. ಮಗುವನ್ನು ಕೆಳಗಿಳಿಸಿ ನಮಾಝ್ ಆರಂಭಿಸಿದರು. ನಡುವೆ ಒಂದು ಸಜ್ದಾ ಬಹಳ ದೀರ್ಘವಾಯಿತು. ಹಿಂದೆ ನಿಂತಿದ್ದ ಶದ್ದಾದ್(ರ) ತಲೆಯೆತ್ತಿ ನೋಡಿದರೆ ಮಗು ಅಜ್ಜನ ಬೆನ್ನೇರಿ ಕುಳಿತಿತ್ತು! ಅವರು ಮತ್ತೆ ಸಜ್ದಾಕ್ಕೆ ಮರಳಿದರು. ನಮಾಝಿನ ಬಳಿಕ ಜನರು, ಏನಾದರೂ ಸಂಭವಿಸಿತೋ ಅಥವಾ ದಿವ್ಯವಾಣಿ ಬಂತೋ ಎಂದು ವಿಚಾರಿಸಿದರು. ಅಂತಹದ್ದೇನೂ ಇಲ್ಲ, ಮಗ ನನ್ನ ಮೇಲೆ ಸವಾರಿ ಮಾಡುತ್ತಿದ್ದ, ಅವನ ಆಸೆ ತೀರುವ ಮುನ್ನ ಅವನನ್ನು ಅವಸರಪಡಿಸಲು ನನಗೆ ಇಷ್ಟವಾಗಲಿಲ್ಲ ಎಂಬರ್ಥದಲ್ಲಿ ಅವರು ಉತ್ತರಿಸಿದರು. ಇದನ್ನು ನಸಾಈ ಉಲ್ಲೇಖಿಸಿದ್ದಾರೆ.

ಆ ಮಸೀದಿಯ ಸಾಲುಗಳನ್ನು ಸ್ವಲ್ಪ ಊಹಿಸಿಕೊಳ್ಳಿರಿ. ಹಿರಿಯ ಸಹಾಬಿಗಳೆಲ್ಲ ಹಣೆಯನ್ನು ನೆಲಕ್ಕಿಟ್ಟಿದ್ದಾರೆ. ಒಂದು ಮಗು ಕುದುರೆಯಾಟ ಮುಗಿಸಲಿ ಎಂದು ಇಡೀ ಜಮಾಅತ್ ಕಾಯುತ್ತಿದೆ. ಯಾಕೆ ಕಾಯುತ್ತಿದ್ದೇವೆಂದು ಅವರಿಗೆ ಗೊತ್ತೂ ಇಲ್ಲ!

ಮತ್ತೊಮ್ಮೆ ಪ್ರವಾದಿವರ್ಯರು(ಸ) ಪ್ರವಚನ ನೀಡುತ್ತಿದ್ದಾಗ ಹಸನ್(ರ) ಮತ್ತು ಹುಸೈನ್(ರ)ರು ಕೆಂಪು ಅಂಗಿ ತೊಟ್ಟು, ಎಡವುತ್ತಾ ಏಳುತ್ತಾ ಬಂದರು. ಅವರು ಮಾತು ನಿಲ್ಲಿಸಿ ಮಿಂಬರ್‌ನಿಂದ ಇಳಿದು ಇಬ್ಬರನ್ನೂ ಎತ್ತಿ ತಂದು ಮುಂದೆ ಕೂರಿಸಿಕೊಂಡರು. ಸೊತ್ತು ಮತ್ತು ಸಂತಾನ ಒಂದು ಪರೀಕ್ಷೆಯೆಂಬ ಕುರ್‌ಆನ್ ಸೂಕ್ತವನ್ನು (64: 15) ಅವರು ಆಗ ನೆನಪಿಸಿದರು. ಎಡವುತ್ತಾ ಬರುತ್ತಿರುವ ಈ ಮಕ್ಕಳನ್ನು ಕಂಡು ತನಗೆ ಸುಮ್ಮನಿರಲಾಗಲಿಲ್ಲ ಎಂದೂ ಹೇಳಿದರು.

ಇಲ್ಲಿ ಎರಡು ಮಾತುಗಳೂ ಇವೆ. ಮಕ್ಕಳು ಪರೀಕ್ಷೆಯೂ ಹೌದು, ಎತ್ತಿಕೊಳ್ಳಬೇಕಾದವರೂ ಹೌದು. ಅವರ ಮೇಲಿನ ಪ್ರೀತಿಯಿಂದ ನಮಾಝನ್ನೇ ಬಿಡುವವನು ಪರೀಕ್ಷೆಯಲ್ಲಿ ಸೋಲುತ್ತಾನೆ. ನಮಾಝಿನ ಹೆಸರಲ್ಲಿ ಅವರನ್ನು ನೂಕುವವನೂ ಗೆದ್ದಂತಾಗುವುದಿಲ್ಲ. ಪ್ರವಾದಿವರ್ಯರು(ಸ) ನಮಾಝನ್ನೂ ಬಿಡಲಿಲ್ಲ, ಮಗುವನ್ನೂ ಬಿಡಲಿಲ್ಲ.

ಹತ್ತು ಮಕ್ಕಳ ತಂದೆ

ಅಕ್ರಅ್ ಬಿನ್ ಹಾಬಿಸ್ ಎಂಬವರು ತಮೀಮ್ ಗೋತ್ರದ ಮುಖಂಡರಾಗಿದ್ದರು. ಪ್ರವಾದಿವರ್ಯರು(ಸ) ಹಸನ್(ರ)ರನ್ನು ಮುದ್ದಿಸುವುದನ್ನು ಕಂಡು ಅವರಿಗೆ ಅಚ್ಚರಿಯಾಯಿತು. ತನಗೆ ಹತ್ತು ಮಕ್ಕಳಿದ್ದಾರೆ, ಅವರಲ್ಲಿ ಒಬ್ಬರನ್ನೂ ತಾನು ಈ ವರೆಗೆ ಮುದ್ದಿಸಿದ್ದಿಲ್ಲ ಎಂದು ಹೇಳಿದರು. ಪ್ರವಾದಿವರ್ಯರು(ಸ) ಅವರತ್ತ ನೋಡಿ, ಕರುಣೆ ತೋರದವನಿಗೆ ಕರುಣೆ ದೊರೆಯಲಾರದು ಎಂದು ಎಚ್ಚರಿಸಿದರು.

ಅಕ್ರಅ್ ಕ್ರೂರಿಯಾಗಿದ್ದರೆಂದು ಇದರಿಂದ ತಿಳಿಯಬೇಕಾಗಿಲ್ಲ. ನಮ್ಮ ಊರಿನ ಅನೇಕ ತಂದೆಯರಂತೆ ಅವರೂ ಮಕ್ಕಳಿಗೆ ಊಟ ಬಟ್ಟೆ ಕೊಟ್ಟಿರಬಹುದು, ಅವರಿಗಾಗಿ ದುಡಿದಿರಬಹುದು. ಆದರೆ ಪ್ರೀತಿಯನ್ನು ತೋರಿಸುವುದು ಗಂಡಸಿಗೆ ತಕ್ಕುದಲ್ಲ ಎಂದು ಅವರು ತಿಳಿದಿದ್ದರು. ಈ ತಿಳುವಳಿಕೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ತಂದೆ ಬಾಗಿಲಿಗೆ ಬಂದರೆಂದರೆ ಮಕ್ಕಳ ನಗು ನಿಂತುಹೋಗುವ ಮನೆಗಳಿವೆ. ಅದನ್ನು ಶಿಸ್ತು ಎಂದು ಹೆಮ್ಮೆಪಡುವವರೂ ಇದ್ದಾರೆ. ನೀವು ಮನೆಗೆ ಕಾಲಿಟ್ಟಾಗ ಮಕ್ಕಳು ನಿಮ್ಮ ಕಡೆಗೆ ಓಡಿ ಬರುತ್ತಾರೋ ಅಥವಾ ಒಳಕೋಣೆಗೆ ಓಡುತ್ತಾರೋ ಎಂಬುದನ್ನು ಇಂದು ಸಂಜೆ ನೀವೇ ಗಮನಿಸಿರಿ.

ಹಕ್ಕಿಯನ್ನು ವಿಚಾರಿಸಿದವರು

ಪ್ರವಾದಿವರ್ಯರು(ಸ) ಮಕ್ಕಳನ್ನು ಮುದ್ದಿಸುವುದರೊಂದಿಗೆ ಅವರೊಂದಿಗೆ ತಮಾಷೆಯನ್ನೂ ಮಾಡುತ್ತಿದ್ದರು. ಅನಸ್(ರ)ರಿಗೆ ಒಬ್ಬ ಪುಟ್ಟ ತಮ್ಮನಿದ್ದ. ಎದೆಹಾಲು ಬಿಟ್ಟು ಹೆಚ್ಚು ಕಾಲವಾಗದ ಆ ಮಗುವಿನ ಹೆಸರು ಅಬೂ ಉಮೈರ್, ಅಂದರೆ ಉಮೈರನ ತಂದೆ! ಅವನು ಗುಬ್ಬಿಯಂತಹ ಒಂದು ಪುಟ್ಟ ಹಕ್ಕಿಯೊಂದಿಗೆ ಆಡುತ್ತಿದ್ದ. ಆ ಹಕ್ಕಿಗೆ ಅರಬಿಯಲ್ಲಿ ನುಗೈರ್ ಎನ್ನುತ್ತಾರೆ. ಹಕ್ಕಿ ಸತ್ತು ಹುಡುಗ ಬೇಸರದಲ್ಲಿದ್ದನೆಂದು ಕೆಲವು ವರದಿಗಳಲ್ಲಿದೆ. ಪ್ರವಾದಿವರ್ಯರು(ಸ) ಬಂದಾಗಲೆಲ್ಲ ಅಬೂ ಉಮೈರನೊಂದಿಗೆ, ನಿನ್ನ ನುಗೈರ್ ಏನಾಯಿತು ಎಂದು ಪ್ರಾಸ ಕೂಡಿಸಿ ವಿಚಾರಿಸುತ್ತಿದ್ದರು. ಒಂದು ನಾಡಿನ ನಾಯಕ, ಸೇನಾಪತಿ, ಅಲ್ಲಾಹನ ಸಂದೇಶವಾಹಕ ಒಂದು ಗುಬ್ಬಿಯ ಕ್ಷೇಮ ವಿಚಾರಿಸುತ್ತಾರೆ. ಯಾಕೆಂದರೆ ಆ ಮಗುವಿನ ಮಟ್ಟಿಗೆ ಅಂದಿನ ದೊಡ್ಡ ಸಮಾಚಾರ ಅದೇ ಆಗಿತ್ತು. ಶಾಫಿಈ ವಿದ್ವಾಂಸ ಇಬ್ನುಲ್ ಕಾಸ್(ರ) ಈ ಒಂದು ಚಿಕ್ಕ ಹದೀಸಿನಿಂದ 60ಕ್ಕೂ ಮಿಕ್ಕಿ ಪಾಠಗಳನ್ನು ಹೆಕ್ಕಿ ಒಂದು ಕಿರುಹೊತ್ತಗೆಯನ್ನೇ ಬರೆದರು.

ಮಹ್ಮೂದ್ ಬಿನ್ ರಬೀಅ್(ರ) ಎಂಬವರ ವಿಷಯ ಇನ್ನೂ ಸೊಗಸಾಗಿದೆ. ಅವರು ಐದು ವರ್ಷದವರಿದ್ದಾಗ ಪ್ರವಾದಿವರ್ಯರು(ಸ) ಬಕೆಟಿನಿಂದ ನೀರನ್ನು ಬಾಯಿಗೆ ತೆಗೆದುಕೊಂಡು ಅವರ ಮುಖಕ್ಕೆ ಚಿಮ್ಮಿಸಿದ್ದರು. ದೊಡ್ಡವರಾದ ಮೇಲೂ ಅವರು ಅದನ್ನು ಮರೆಯಲಿಲ್ಲ. ಇಮಾಮ್ ಬುಖಾರಿ(ರ) ಇದನ್ನು ಜ್ಞಾನದ ಅಧ್ಯಾಯದಲ್ಲಿ ಸೇರಿಸಿದರು. ಎಷ್ಟು ವಯಸ್ಸಿನ ಮಗು ಕೇಳಿದ್ದನ್ನು ನೆನಪಿಟ್ಟುಕೊಳ್ಳಬಲ್ಲದು ಎಂಬ ಪ್ರಶ್ನೆ ಬಂದಾಗ ಹದೀಸ್ ವಿದ್ವಾಂಸರು ಈ ಘಟನೆಯನ್ನೇ ಆಧಾರವಾಗಿಟ್ಟು ಐದು ವರ್ಷ ಎಂದರು. ಮಗುವಿಗೆ ಏನೂ ನೆನಪಿರುವುದಿಲ್ಲ ಎಂದು ನಾವು ಹೇಳುತ್ತೇವೆ. ಒಂದು ಬಾಯಿ ನೀರಿನ ತಮಾಷೆ ಅದರ ಮನಸ್ಸಿನಲ್ಲಿ ಜೀವಮಾನವಿಡೀ ಉಳಿಯುವುದಾದರೆ ನಮ್ಮ ಗದರಿಕೆ ಉಳಿಯದಿರುತ್ತದೆಯೇ?

ಅನಸ್(ರ) ಬಾಲಕರಾಗಿದ್ದಾಗಲೇ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಒಮ್ಮೆ ಒಂದು ಕೆಲಸಕ್ಕೆ ಕಳುಹಿಸಿದಾಗ ದಾರಿಯಲ್ಲಿ ಆಡುತ್ತಿದ್ದ ಹುಡುಗರ ಬಳಿ ನಿಂತುಬಿಟ್ಟರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕತ್ತು ಹಿಡಿದರು. ತಿರುಗಿ ನೋಡಿದರೆ ಪ್ರವಾದಿವರ್ಯರು(ಸ) ನಗುತ್ತಿದ್ದಾರೆ! ಪ್ರೀತಿಯಿಂದ ಪುಟ್ಟ ಅನಸ್ ಎಂದು ಕರೆದು, ಹೇಳಿದಲ್ಲಿಗೆ ಹೋದೆಯಾ ಎಂದು ಕೇಳಿದರು. ಇದೋ ಹೊರಟೆ ಎಂದರು ಅನಸ್(ರ). ಅಂಗಡಿಗೆ ಹೋದ ಮಗ ತಡಮಾಡಿದಾಗ ನಾವು ಏನು ಮಾಡುತ್ತೇವೆಂಬುದನ್ನು ಇದರೊಂದಿಗೆ ಹೋಲಿಸಿ ನೋಡೋಣ.

ಈ ಪಾಠವನ್ನು ಸಹಾಬಿಗಳೂ ಕಲಿತಿದ್ದರು. ಪ್ರವಾದಿವರ್ಯರ(ಸ) ನಿಧನಾನಂತರ ಒಂದು ದಿನ ಖಲೀಫಾ ಅಬೂಬಕರ್(ರ)ರು ಅಸ್ರ್ ನಮಾಝ್ ಮುಗಿಸಿ ಅಲೀ(ರ)ರೊಂದಿಗೆ ಹೋಗುತ್ತಿದ್ದರು. ದಾರಿಯಲ್ಲಿ ಹಸನ್(ರ) ಮಕ್ಕಳೊಂದಿಗೆ ಆಡುತ್ತಿದ್ದರು. ಅಬೂಬಕರ್(ರ) ಅವರನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಇವನು ಅಜ್ಜನಂತೆಯೇ ಇದ್ದಾನೆ, ಅಲಿಯಂತಿಲ್ಲ ಎಂದರು. ಪಕ್ಕದಲ್ಲೇ ಇದ್ದ ತಂದೆ ಅಲೀ(ರ) ನಕ್ಕರು. ಅಗಲಿದ ಪ್ರವಾದಿಯ(ಸ) ನೆನಪು ಇಬ್ಬರ ಎದೆಯಲ್ಲೂ ಹಸಿಯಾಗಿದ್ದ ದಿನಗಳವು. ಆ ದುಃಖದ ನಡುವೆಯೂ ಒಂದು ಮಗು ಅವರನ್ನು ನಗಿಸಿತು.

ನಗುವಿಗೂ ಒಂದು ಮೇರೆ

ಹಾಗಾದರೆ ಮಕ್ಕಳ ವಿಷಯದಲ್ಲಿ ಎಲ್ಲ ತಮಾಷೆಯೂ ಒಳ್ಳೆಯದೇ? ಅಲ್ಲ. ತಾನು ತಮಾಷೆ ಮಾಡಿದರೂ ಸತ್ಯವನ್ನೇ ಹೇಳುತ್ತೇನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದರು. ಈ ಅಳತೆಗೋಲಿನಿಂದ ನಮ್ಮ ಮನೆಯ ನಗುವನ್ನು ಅಳೆದು ನೋಡೋಣ.

ಮೊದಲನೆಯದು, ಸುಳ್ಳು. ಅಬ್ದುಲ್ಲಾ ಬಿನ್ ಆಮಿರ್(ರ) ಎಂಬ ಬಾಲಕನನ್ನು ತಾಯಿ, ಬಾ, ನಿನಗೊಂದು ಕೊಡುತ್ತೇನೆ ಎಂದು ಕರೆದರು. ಮನೆಯಲ್ಲಿದ್ದ ಪ್ರವಾದಿವರ್ಯರು(ಸ) ಏನು ಕೊಡಬೇಕೆಂದಿರುವೆ ಎಂದು ಕೇಳಿದರು. ಖರ್ಜೂರ ಎಂದರು ತಾಯಿ. ಏನೂ ಕೊಡದಿರುತ್ತಿದ್ದರೆ ನಿನ್ನ ಲೆಕ್ಕದಲ್ಲಿ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದು ಅವರು ತಿಳಿಸಿದರು. ಮುಚ್ಚಿದ ಮುಷ್ಟಿ ತೋರಿಸಿ ಮಿಠಾಯಿ ಇದೆಯೆಂದು ಕರೆದು, ಮಗು ಓಡಿ ಬಂದಾಗ ಖಾಲಿ ಕೈ ಬಿಚ್ಚಿ ನಗುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಎರಡನೆಯದು, ಹೆದರಿಸುವುದು. ಒಂದು ಪ್ರಯಾಣದಲ್ಲಿ ಕೆಲವರು ಮಲಗಿದ್ದವರೊಬ್ಬರ ಬಳಿಯಿದ್ದ ಹಗ್ಗವನ್ನು ತಮಾಷೆಗಾಗಿ ತೆಗೆದಾಗ ಅವರು ಬೆಚ್ಚಿಬಿದ್ದರು. ಮುಸ್ಲಿಮನೊಬ್ಬನನ್ನು ಹೆದರಿಸುವುದು ಮುಸ್ಲಿಮನಿಗೆ ಸಮ್ಮತವಲ್ಲ ಎಂದು ಪ್ರವಾದಿವರ್ಯರು(ಸ) ಹೇಳಿದರು. ದೊಡ್ಡವರ ವಿಷಯದಲ್ಲಿಯೇ ಹೀಗಿರುವಾಗ, ಊಟ ಮಾಡದಿದ್ದರೆ ಗುಮ್ಮ ಬರುತ್ತದೆ, ಪೊಲೀಸ್ ಹಿಡಿಯುತ್ತಾನೆ ಎಂದು ಮಕ್ಕಳನ್ನು ನಡುಗಿಸುವುದು ಹೇಗೆ ಸರಿಯಾದೀತು?

ಮೂರನೆಯದು, ಅಪಹಾಸ್ಯ. ಪರಸ್ಪರ ಗೇಲಿ ಮಾಡಬಾರದು, ಅಡ್ಡಹೆಸರಿನಿಂದ ಕರೆಯಬಾರದು ಎಂಬ ಕುರ್‌ಆನಿನ ಆಜ್ಞೆ (49: 11) ಮಕ್ಕಳಿಗೂ ಅನ್ವಯಿಸುತ್ತದೆ. ಬಣ್ಣ ಕಪ್ಪಾದ ಮಗುವಿಗೆ, ತೊದಲುವ ಮಗುವಿಗೆ, ದಪ್ಪಗಿರುವ ಮಗುವಿಗೆ ಮನೆಯವರೇ ಹೆಸರಿಟ್ಟು ನಗುತ್ತಾರೆ. ಮಗುವೂ ನಗುತ್ತದೆ, ಆದರೆ ಅದು ಬೇರೆ ದಾರಿ ಕಾಣದೆ ನಗುವ ನಗು. ಈಗಂತೂ ಮಗು ಅಳುವುದನ್ನೂ ಬೀಳುವುದನ್ನೂ ಓದುವಾಗ ತಪ್ಪುವುದನ್ನೂ ಮೊಬೈಲಿನಲ್ಲಿ ಸೆರೆಹಿಡಿದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವುದು ಸಾಮಾನ್ಯವಾಗಿದೆ. ಹತ್ತು ವರ್ಷದ ಬಳಿಕ ಆ ಮಗು ಅದನ್ನು ನೋಡಿದರೆ ನಿಮ್ಮೊಂದಿಗೆ ಕುಳಿತು ನಗುತ್ತದೆಯೇ ಎಂದು ಕಳುಹಿಸುವ ಮೊದಲು ಯೋಚಿಸಿರಿ.

ನಾಲ್ಕನೆಯದು, ಪಕ್ಷಪಾತ. ನುಅ್‌ಮಾನ್ ಬಿನ್ ಬಶೀರ್(ರ)ರಿಗೆ ಅವರ ತಂದೆ ಒಂದು ಕೊಡುಗೆ ನೀಡಿ ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಿಸಲು ಬಂದರು. ಇತರ ಮಕ್ಕಳಿಗೂ ಹೀಗೆಯೇ ಕೊಟ್ಟಿರುವೆಯಾ ಎಂದು ಅವರು ಕೇಳಿದರು. ಇಲ್ಲವೆಂದಾಗ ಅಲ್ಲಾಹನನ್ನು ಭಯಪಟ್ಟು ಮಕ್ಕಳ ನಡುವೆ ನ್ಯಾಯ ಪಾಲಿಸುವಂತೆ ಆದೇಶಿಸಿದರು. ಮೊಮ್ಮಗನ ತುಂಟತನ ಜಾಣತನವಾಗಿಯೂ ಮೊಮ್ಮಗಳ ತುಂಟತನ ದುರ್ನಡತೆಯಾಗಿಯೂ ಕಾಣುವ ಮನೆಯಲ್ಲಿ ನ್ಯಾಯವಿದೆಯೆಂದು ಹೇಳಲಾಗದು. ಮಗನ ಮಕ್ಕಳಿಗೊಂದು, ಮಗಳ ಮಕ್ಕಳಿಗೊಂದು ಎಂಬ ಅಳತೆಯೂ ಹಾಗೆಯೇ.

ಮೇರೆಯೆಂಬುದು ಮಕ್ಕಳಿಗೂ ಇದೆ. ಝಕಾತಿನ ಖರ್ಜೂರವೊಂದನ್ನು ಪುಟ್ಟ ಹಸನ್(ರ) ಬಾಯಿಗೆ ಹಾಕಿಕೊಂಡಾಗ ಪ್ರವಾದಿವರ್ಯರು(ಸ) ನಕ್ಕು ಸುಮ್ಮನಾಗಲಿಲ್ಲ. ಕಿಖ್ ಕಿಖ್ ಎಂದು ಮಗುವಿನ ಭಾಷೆಯಲ್ಲೇ ಹೇಳಿ ಅದನ್ನು ಉಗುಳಿಸಿದರು, ದಾನದ ವಸ್ತು ನಮಗೆ ಸಲ್ಲದೆಂದು ತಿಳಿಸಿದರು. ಬೆನ್ನೇರಿ ಕುಳಿತಾಗ ಅವಸರಪಡಿಸದವರು ಪರರ ಹಕ್ಕಿನ ಒಂದು ಖರ್ಜೂರವನ್ನು ಬಿಟ್ಟುಕೊಡಲಿಲ್ಲ. ನಾವು ಹೆಚ್ಚಾಗಿ ಇದಕ್ಕೆ ತಿರುವುಮುರುವಾಗಿ ನಡೆಯುತ್ತೇವೆ. ಬೆನ್ನೇರಿದರೆ ಗದರಿಸುತ್ತೇವೆ, ನೆರೆಮನೆಯ ಮಾವಿನಕಾಯಿ ಕಿತ್ತು ತಂದರೆ ಜಾಣನೆಂದು ನಗುತ್ತೇವೆ.

ಅಜ್ಜನ ಪಕ್ಕದ ಜಾಗ

ಇತಿಹಾಸಕಾರ ಇಬ್ನು ಇಸ್‌ಹಾಕ್(ರ) ಒಂದು ಘಟನೆಯನ್ನು ಉಲ್ಲೇಖಿಸಿದ್ದಾರೆ. ಮಕ್ಕಾದ ಮುಖಂಡ ಅಬ್ದುಲ್ ಮುತ್ತಲಿಬರಿಗಾಗಿ ಕಅಬಾದ ನೆರಳಿನಲ್ಲಿ ಒಂದು ಹಾಸು ಹಾಸಲಾಗುತ್ತಿತ್ತು. ಅವರ ಮೇಲಿನ ಗೌರವದಿಂದ ಅವರ ಗಂಡುಮಕ್ಕಳು ಕೂಡ ಅದರ ಮೇಲೆ ಕೂರದೆ ಸುತ್ತ ಕುಳಿತುಕೊಳ್ಳುತ್ತಿದ್ದರು. ತಂದೆತಾಯಿಯಿಲ್ಲದ ಒಬ್ಬ ಬಾಲಕ ಮಾತ್ರ ನೇರವಾಗಿ ಬಂದು ಅದರ ಮೇಲೆ ಕುಳಿತುಬಿಡುತ್ತಿದ್ದ. ದೊಡ್ಡಪ್ಪ ಚಿಕ್ಕಪ್ಪಂದಿರು ಅವನನ್ನು ಹಿಡಿದೆಳೆಯಲು ಬರುತ್ತಿದ್ದರು. ಅಜ್ಜ ಅವರನ್ನು ತಡೆದು, ಬಿಡಿ ನನ್ನ ಮಗನನ್ನು ಎನ್ನುತ್ತಾ ಪಕ್ಕದಲ್ಲಿ ಕೂರಿಸಿ ಬೆನ್ನು ಸವರುತ್ತಿದ್ದರು. ಆ ಬಾಲಕನಿಗೆ ಎಂಟು ವರ್ಷವಾದಾಗ ಅಜ್ಜ ತೀರಿಕೊಂಡರು.

ಅದೇ ಬಾಲಕ ಮುಂದೆ ಅಲ್ಲಾಹನ ಪ್ರವಾದಿಯಾದರು(ಸ). ಅವರ ಭುಜಗಳ ನಡುವಿದ್ದ ಪ್ರವಾದಿತ್ವದ ಮುದ್ರೆಯನ್ನು ಮುಟ್ಟಿ ಆಡುತ್ತಿದ್ದ ಉಮ್ಮು ಖಾಲಿದ್(ರ) ಎಂಬ ಪುಟ್ಟ ಹುಡುಗಿಯನ್ನು ಅವಳ ತಂದೆ ಗದರಿಸಿದಾಗ, ಅವಳನ್ನು ಬಿಟ್ಟುಬಿಡು ಎಂದೇ ಅವರು ಕೂಡ ಹೇಳಿದರು.

ಪ್ರವಾದಿವರ್ಯರು(ಸ) ಹಿಜರಿ 11ನೇ ವರ್ಷದಲ್ಲಿ ಇಹಲೋಕ ತ್ಯಜಿಸಿದಾಗ ಹಸನ್(ರ)ರಿಗೆ ಏಳು ವರ್ಷ ದಾಟಿತ್ತಷ್ಟೇ. ಹುಸೈನ್(ರ) ಇನ್ನೂ ಚಿಕ್ಕವರು. ಅಜ್ಜ ಮೊಮ್ಮಕ್ಕಳಿಗೆ ದೊರೆತ ಕಾಲ ಅಷ್ಟೇ ಆಗಿತ್ತು. ಆ ದೀರ್ಘ ಸಜ್ದಾ ಅಂದು ಮೊಟಕಾಗಿದ್ದರೆ ಆ ಸವಾರಿಗೆ ಇನ್ನೆಷ್ಟು ಅವಕಾಶ ಉಳಿದಿತ್ತು?

ಅಜ್ಜ ಅಜ್ಜಿಯರಾಗಿರುವ ಓದುಗರೇ, ನಿಮ್ಮ ಕಾಲವೂ ಅಳತೆಯಲ್ಲಿಯೇ ಇದೆ. ಮಗ ಸೊಸೆ ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದು ಮೊಮ್ಮಕ್ಕಳ ಮುಖ ಕಾಣುವುದು ಫೋನಿನ ಪರದೆಯಲ್ಲಿ ಮಾತ್ರವಾಗಿರಬಹುದು. ಆಗ ಶಾಲೆಯ ಅಂಕ, ಮದ್ರಸಾದ ಪಾಠಗಳನ್ನು ಮಾತ್ರ ವಿಚಾರಿಸಬೇಡಿರಿ. ಅವರ ಬೆಕ್ಕನ್ನೂ ಬಿದ್ದ ಹಲ್ಲನ್ನೂ ವಿಚಾರಿಸಿರಿ. ರಜೆಗೆ ಊರಿಗೆ ಬಂದಾಗ ಮನೆ ಗಲೀಜಾಯಿತೆಂದು ಮುಖ ಗಂಟಿಕ್ಕಬೇಡಿರಿ. ಅವರು ಹಿಂದಿರುಗಿದ ಮರುದಿನ ಆ ಗದ್ದಲಕ್ಕಾಗಿಯೇ ನಿಮ್ಮ ಕಿವಿ ಹಂಬಲಿಸುತ್ತದೆ.

ಮಸೀದಿಯ ಹಿರಿಯರೇ, ಹಿಂದಿನ ಸಾಲಿನಲ್ಲಿ ನಕ್ಕ ಹುಡುಗನನ್ನು ಕಿವಿ ಹಿಂಡಿ ಹೊರಗೆ ಕಳುಹಿಸಬೇಡಿರಿ. ನಮಾಝಿನ ಶಿಸ್ತನ್ನು ಖಂಡಿತ ಕಲಿಸಿರಿ, ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿರಿ. ಹಿಂದೆ ಅಳುತ್ತಿದ್ದ ಮಗುವಿನ ಧ್ವನಿ ಕೇಳಿ, ತಾಯಿಯ ಸಂಕಟ ನೆನೆದು ಪ್ರವಾದಿವರ್ಯರು(ಸ) ನಮಾಝನ್ನು ಚಿಕ್ಕದಾಗಿಸುತ್ತಿದ್ದರು. ಇಂದು ಅವಮಾನಿತನಾಗಿ ಮಸೀದಿಯ ಮೆಟ್ಟಲಿಳಿದ ಹುಡುಗ ಯೌವನದಲ್ಲಿ ತಾನಾಗಿ ಅದನ್ನು ಹತ್ತಿಬರುವನೆಂಬ ಭರವಸೆ ನಮಗಿದೆಯೇ?

ಸತ್ಯವಿಶ್ವಾಸಿಗಳನ್ನೂ ವಿಶ್ವಾಸದಲ್ಲಿ ಅವರನ್ನು ಅನುಸರಿಸಿದ ಸಂತತಿಯನ್ನೂ ಸ್ವರ್ಗದಲ್ಲಿ ಒಟ್ಟುಗೂಡಿಸಲಾಗುವುದೆಂದು ಅತ್ತೂರ್ ಅಧ್ಯಾಯದಲ್ಲಿ (52: 21) ಅಲ್ಲಾಹನು ವಾಗ್ದಾನ ಮಾಡಿದ್ದಾನೆ. ಮೊಮ್ಮಕ್ಕಳೊಂದಿಗೆ ನಾವು ಕಾಣಬಹುದಾದ ಅತಿ ದೊಡ್ಡ ಸಂತೋಷ ಅದುವೇ. ಅದಕ್ಕೆ ಅವರು ನಮ್ಮ ಹೆಜ್ಜೆಯಲ್ಲಿ ಹೆಜ್ಜೆಯಿಡಬೇಕು. ಯಾರ ಬಳಿ ನಗಲು ಸಾಧ್ಯವಾಯಿತೋ ಅವರ ಹಿಂದೆಯೇ ಮಗು ನಡೆಯುತ್ತದೆ.

ಆದುದರಿಂದ ಇಂದು ರಾತ್ರಿ ಮೊಮ್ಮಗಳು ಬಂದು ಟೋಪಿ ಎತ್ತಿಕೊಂಡು ಓಡಿದರೆ ಕೋಪಿಸಬೇಡಿರಿ. ನಮಾಝ್ ಮುಗಿದ ಮೇಲೆ ಅವಳನ್ನು ಕರೆದು ಮುಸಲ್ಲಾದ ಮೇಲೆ ನಿಮ್ಮ ಪಕ್ಕದಲ್ಲಿ ಜಾಗ ಮಾಡಿಕೊಡಿರಿ. ನಿಮ್ಮೊಂದಿಗೆ ಅವಳೂ ಕೈಯೆತ್ತಲಿ.

ನಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಅಲ್ಲಾಹನು ನಮ್ಮ ಕಣ್ಣುಗಳಿಗೆ ತಂಪಾಗಿಸಲಿ. ಅವರ ಮುಂದೆ ನಗಬಲ್ಲ ಹೃದಯವನ್ನೂ ಅವರನ್ನು ತಿದ್ದಬಲ್ಲ ವಿವೇಕವನ್ನೂ ನಮಗೆ ಕರುಣಿಸಲಿ. ಆಮೀನ್.